ಅವ್ವನ ಟ್ರಂಕಿನ ರಸೀದಿ ಮತ್ತು ಡೆಲ್ಲಿಯಿಂದ ಬಂದ ಮನೆ ದುಡ್ಡು



ಪೋಸ್ಟ್ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ, ಸಾಧ್ಯವಾದ್ರೆ ನಿಮ್ಮ ಕೇರಿ ಹುಡುಗರಿಗೂ ಓದಿ ಹೇಳಿ.

ಹೋದ ಭಾನುವಾರ ಮಾಗಡಿ ರೋಡ್ ಕಡೆಯ ನಮ್ಮ ಕಾಲೊನಿಯಲ್ಲಿ ಒಂದು ಸಣ್ಣ ಸಭೆ ಮಾಡಿದ್ವಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ಹಂತಕ್ಕೆ ಅರ್ಜಿ ಹಾಕೋದು ಹೇಗೆ ಅಂತ ಹೇಳೋಕೆ. ಅರ್ಧದಲ್ಲಿ ಒಬ್ಬ ಹುಡುಗ ಎದ್ದು ನಿಂತ. "ಅಣ್ಣ, ಇಷ್ಟು ವರ್ಷ ನಮ್ಮೋರಿಗೆ ಅಂತ ಗೌರ್ಮೆಂಟು ದುಡ್ಡೇ ಇಡ್ಲಿಲ್ವಾ?" ಅಂತ ಕೇಳಿದ.

ಇಟ್ಟಿದೆ ಕಣಪ್ಪ. ನೀನು ಹುಟ್ಟೋದಕ್ಕೂ ಮುಂಚಿನಿಂದ ಇಡ್ತಾನೇ ಇದೆ. ದುಡ್ಡು ಇರಲಿಲ್ಲ ಅನ್ನೋದು ನಮಗೆ ಹೇಳಿದ ದೊಡ್ಡ ಸುಳ್ಳು. ದುಡ್ಡು ಡೆಲ್ಲಿಯಿಂದ ಹೊರಟು ನಮ್ಮ ಗಲ್ಲಿ ಬಾಗಿಲಿಗೆ ಬರೋವರೆಗೆ ಏನಾಯ್ತು ಅನ್ನೋದನ್ನ ನಾವು ಕೇಳ್ಲಿಲ್ಲ. ಅವತ್ತು ಅವನಿಗೆ ಸರಿಯಾಗಿ ಉತ್ತರ ಕೊಡೋಕೆ ಆಗ್ಲಿಲ್ಲ. ಅದಕ್ಕೇ ಇದು.

ಮೊದಲು ನಮ್ಮ ಏರಿಯಾ ಹುಟ್ಟಿದ ಕತೆ. ಬೆಂಗಳೂರಿನ ಪಶ್ಚಿಮದಲ್ಲಿ ಕೈಗಾರಿಕೆ ಕಾರ್ಮಿಕರಿಗಾಗಿ ಒಂದು ಹೊಸ ಊರು ಬೇಕು ಅಂತ ಯೋಚನೆ ಮಾಡಿ, 1949ರಲ್ಲಿ ರಾಜಾಜಿಯವರ ಹೆಸರಿಟ್ಟು ಶುರು ಮಾಡಿದ್ದು ರಾಜಾಜಿನಗರ. ಆಗ ಸೈಟು ಹಂಚ್ತಿದ್ದದ್ದು 1945ರಲ್ಲಿ ಆದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು. 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ವಿಜಯನಗರ, ಬಸವೇಶ್ವರನಗರ ಹಿಂದಿಂದೆ ಬೆಳೆದವು. ಸೈಟು ತಗೊಳ್ಳೋಕೆ ಅರ್ಜಿ ಬೇಕು, ಠೇವಣಿ ಬೇಕು, ಕಟ್ಟೋ ಶಕ್ತಿ ಬೇಕು. ಆ ಮನೆಗಳಿಗೆ ಕಲ್ಲು ಹೊತ್ತವರು, ಆ ಬೀದಿ ಗುಡಿಸಿದವರು, ಬಿನ್ನಿಮಿಲ್ಲು ಮಿನರ್ವಾಮಿಲ್ಲಿನಲ್ಲಿ ಬದ್ಲಿ ಕೆಲಸ ಮಾಡಿದವರು ಎಲ್ಲಿ ಮಲಗಬೇಕು? ವೃಷಭಾವತಿಗೆ ಸೇರೋ ರಾಜಕಾಲುವೆಗಳ ದಡದಲ್ಲಿ. ನಕ್ಷೆಯಲ್ಲಿ ಪಾರ್ಕಿಗೆ ಜಾಗ ಇತ್ತು, ದೇವಸ್ಥಾನಕ್ಕೆ ಜಾಗ ಇತ್ತು. ನಮ್ಮಪ್ಪನಂಥೋರಿಗೆ ಇರಲಿಲ್ಲ. ಅವನು ಮಾಗಡಿ ತಾಲೂಕಿನಿಂದ ಬಂದು ಮಿಲ್ಲು ಸೇರಿದವನು. ಅವ್ವ ಬಸವೇಶ್ವರನಗರದಲ್ಲಿ ಗುತ್ತಿಗೆ ಮೇಲೆ ಕಸ ಗುಡಿಸಿದವಳು. ನಾನು ಕಾಲುವೆ ದಡದಲ್ಲೇ ಬೆಳೆದೆ.

1970ರ ದಶಕದಲ್ಲಿ ಗಾಳಿ ಸ್ವಲ್ಪ ತಿರುಗಿತು. ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಮಂತ್ರಿ ಆಗಿದ್ದವರು ನಮ್ಮ ಬಿ. ಬಸವಲಿಂಗಪ್ಪನವರು. ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸಿ ಅಂದವರು ಅವರೇ. 1973ರ ಬೂಸಾ ಗಲಾಟೆಯಲ್ಲಿ ಅವರ ಕುರ್ಚಿ ಹೋಯ್ತು, ಆ ಕಿಚ್ಚಿನಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಇದು ನಿಮಗೆಲ್ಲ ಗೊತ್ತು. ಅದೇ ಕಾಲದಲ್ಲಿ ಇನ್ನೊಂದು ಕಾನೂನು ಬಂತು, ಅದನ್ನ ನಾವು ಅಷ್ಟಾಗಿ ಮಾತಾಡಲ್ಲ: 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆ. 1975ರಲ್ಲಿ ಅದರ ಮಂಡಳಿಯೂ ಆಯ್ತು. ಈ ಕಾಯ್ದೆ ಪ್ರಕಾರ ಒಂದು ಜಾಗವನ್ನ ಮೊದಲು 3ನೇ ಸೆಕ್ಷನ್ ಅಡಿಯಲ್ಲಿ ಘೋಷಣೆ ಮಾಡ್ಬೇಕು. ಖಾಸಗಿ ಜಾಗ ಆದ್ರೆ 17ನೇ ಸೆಕ್ಷನ್ ಅಡಿಯಲ್ಲಿ ಸರ್ಕಾರ ಅದನ್ನ ತಗೋಬೇಕು. ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ "ನಮ್ದು ಮೂರು ಆಗಿದೆ, ಹದಿನೇಳು ಆಗಿಲ್ಲ" ಅನ್ನೋ ಮಾತಿದೆ. ಜಾತಕ ಹೇಳಿದ ಹಾಗೆ ಹೇಳ್ತಾರೆ. ಅದು ಜಾತಕವೇ. ಘೋಷಣೆ ಆಗದ ಕೇರಿ ಲೆಕ್ಕಕ್ಕಿಲ್ಲ. ಲೆಕ್ಕದಲ್ಲಿ ಇಲ್ಲದವರಿಗೆ ದುಡ್ಡು ಬರಲ್ಲ. ಇದು ಮೊದಲನೇ ಬಾಗಿಲು.

1979-80ರಲ್ಲಿ ಕೇಂದ್ರದಿಂದ ವಿಶೇಷ ಘಟಕ ಯೋಜನೆ ಬಂತು. ಜನಸಂಖ್ಯೆಯಲ್ಲಿ ನಾವು ಎಷ್ಟಿದ್ದೀವೋ ಬಜೆಟ್ಟಿನಲ್ಲಿ ಅಷ್ಟು ಪಾಲು ಅನ್ನೋದು ಅದರ ತಿರುಳು. ಭಿಕ್ಷೆ ಅಲ್ಲ, ಪಾಲು. ಅದೇ ತತ್ವದ ಮೇಲೆ ನಮ್ಮ ನಗರಸಭೆ, ಪಾಲಿಕೆಗಳೂ ಪರಿಶಿಷ್ಟರಿಗೆ ಅಂತ ಹಣ ಮೀಸಲಿಡಬೇಕು. ಹಿಂದೆ ಶೇ. 22.75 ಇತ್ತು, ಆಮೇಲೆ ಶೇ. 24.10 ಆಯ್ತು. ಇದರಲ್ಲಿ 17.15 ಪರಿಶಿಷ್ಟ ಜಾತಿ, 6.95 ಪರಿಶಿಷ್ಟ ಪಂಗಡ. ಒಂಟಿ ಮನೆ ಯೋಜನೆ ಅಂತ ಕೇಳಿರ್ತೀರಲ್ಲ, ಅದು ಈ ತಲೆಬರಹದ್ದು. ಆದ್ರೆ ಒಂಟಿ ಮನೆಗೆ ನಿಮ್ಮ ಹೆಸರಲ್ಲಿ ಜಾಗ ಇರ್ಬೇಕು, ಖಾತೆ ಇರ್ಬೇಕು. ರಾಜಕಾಲುವೆ ಪಕ್ಕ ಹುಟ್ಟಿದವನಿಗೆ ಖಾತೆ ಎಲ್ಲಿಂದ ತರೋದು? ಇದು ಎರಡನೇ ಬಾಗಿಲು.

ಇನ್ನು ಡೆಲ್ಲಿ ಯೋಜನೆಗಳ ಹೆಸರು ನೋಡಿ. 1996ರಲ್ಲಿ ರಾಷ್ಟ್ರೀಯ ಕೊಳಗೇರಿ ಅಭಿವೃದ್ಧಿ ಕಾರ್ಯಕ್ರಮ. 2001ರಲ್ಲಿ ವಾಂಬೆ, ಅಂದ್ರೆ ವಾಲ್ಮೀಕಿ ಅಂಬೇಡ್ಕರ್ ಆವಾಸ್ ಯೋಜನೆ. 2005ರ ಡಿಸೆಂಬರ್‌ನಲ್ಲಿ ಜೆ-ನರ್ಮ್. ಆಮೇಲೆ ರಾಜೀವ್ ಆವಾಸ್. 2015ರ ಜೂನ್‌ನಲ್ಲಿ ಪ್ರಧಾನಮಂತ್ರಿ ಆವಾಸ್. 2024ರಲ್ಲಿ ಅದರ ಎರಡನೇ ಹಂತ. ಪ್ರತಿ ಸಲ ಹೊಸ ಸರ್ವೆ, ಹೊಸ ಫೋಟೋ, ಹೊಸ ಲಿಸ್ಟು. ಹಳೇ ಲಿಸ್ಟಿನಲ್ಲಿ ಮನೆ ಸಿಗದವನು ಏನಾದ ಅಂತ ಹೊಸ ಲಿಸ್ಟು ಬರೆಯೋರು ಕೇಳಲ್ಲ. ಯೋಜನೆ ಹೆಸರು ಬದಲಾದ ದಿನವೇ ಹಳೇ ಸಾಲ ತೀರಿದ ಲೆಕ್ಕ.

ನಮ್ಮ ಕಾಲೊನಿಗೆ ಬಂದದ್ದು ಜೆ-ನರ್ಮ್. ಅದರಲ್ಲಿ ಬಡವರಿಗೆ ಮೂಲಸೌಕರ್ಯ ಅಂತ ಒಂದು ಭಾಗ ಇತ್ತು, ಬೆಂಗಳೂರು ಮೈಸೂರು ಎರಡೂ ಅದರಲ್ಲಿದ್ದವು. ಬೆಂಗಳೂರಿನಲ್ಲಿ ಕೆಲಸ ಮಾಡಿಸಿದ್ದು ಕೊಳಗೇರಿ ಮಂಡಳಿ ಮತ್ತು ಪಾಲಿಕೆ. ಕೇಂದ್ರದ್ದು ಶೇ. 50, ಉಳಿದದ್ದು ರಾಜ್ಯ, ಸ್ಥಳೀಯ ಸಂಸ್ಥೆ ಮತ್ತು ಫಲಾನುಭವಿಯದ್ದು. ಫಲಾನುಭವಿ ಕನಿಷ್ಠ ಶೇ. 12 ಕಟ್ಟಬೇಕು, ಪರಿಶಿಷ್ಟರಾದ್ರೆ ಶೇ. 10. ಮನೆ ಪುಕ್ಕಟೆ ಬಂತು ಅಂತ ಪಕ್ಕದ ಲೇಔಟಿನವರು ಮಾತಾಡ್ತಾರಲ್ಲ, ಅವರಿಗೆ ಈ ಶೇ. 10 ಗೊತ್ತಿಲ್ಲ. ಅವ್ವ ಕಿವಿ ಓಲೆ ಅಡ ಇಟ್ಟು, ಸಂಘದಲ್ಲಿ ಸಾಲ ಎತ್ತಿ ಡಿಡಿ ತೆಗೆಸಿದಳು. ಆ ರಸೀದಿ ಇನ್ನೂ ಅವಳ ಟ್ರಂಕಿನಲ್ಲಿದೆ, ಪ್ಲಾಸ್ಟಿಕ್ ಕವರಿನಲ್ಲಿ, ಅಪ್ಪನ ಮಿಲ್ಲಿನ ಪಾಸ್ ಜೊತೆ. ಇದು ಮೂರನೇ ಬಾಗಿಲು. ಓಲೆ ಇಲ್ಲದವರು ಲಿಸ್ಟಿನಲ್ಲಿದ್ದೂ ಹಿಂದೆ ಸರಿದರು. ಅವರ ಜಾಗಕ್ಕೆ ಬೇರೆಯವರು ಬಂದರು.

ಗುಡಿಸಲು ಕೆಡವಿ ತಗಡಿನ ಶೆಡ್ಡಿಗೆ ಹಾಕಿದ್ರು. ಒಂದು ವರ್ಷ ಅಂದ್ರು, ನಾಲ್ಕು ವರ್ಷ ಆಯ್ತು. ಬೇಸಿಗೆಯಲ್ಲಿ ತಗಡು ಮುಟ್ಟೋಕಾಗಲ್ಲ, ಮಳೆಗಾಲದಲ್ಲಿ ಕಾಲುವೆ ನೀರು ಒಳಗೇ. ಅಪ್ಪ ಆ ಶೆಡ್ಡಿನಲ್ಲೇ ತೀರ್ಕೊಂಡ. ಮೂರನೇ ಮಹಡಿ ಮನೆ ಕೀಲಿ ಕೈಗೆ ಬಂದಾಗ ಅವ್ವ ಮೊದಲು ಒಳಗೆ ತಂದಿಟ್ಟದ್ದು ಅವನ ಫೋಟೋ.

ಈಗ ನನ್ನ ಕಸುಬಿನ ಮಾತು. ನಾನು ಖಾಸಗಿ ಕಂಪನಿಯೊಂದರ ಅಕೌಂಟ್ಸ್ ಗುಮಾಸ್ತ. ನಮ್ಮಲ್ಲಿ ಯಾರಿಗಾದ್ರೂ ಅಡ್ವಾನ್ಸ್ ಕೊಟ್ಟರೆ ಅದು ಖರ್ಚಲ್ಲ. ಬಿಲ್ಲು ಬಂದು, ಮಾಲು ಬಂದದ್ದು ನೋಡಿ ಸಹಿ ಹಾಕಿದ ಮೇಲೇ ಖರ್ಚು. ಜೆ-ನರ್ಮ್ ದುಡ್ಡು ನಾಲ್ಕು ಕಂತಿನಲ್ಲಿ, ಶೇ. 25ರಂತೆ ಬರ್ತಿತ್ತು. ಬಂದದ್ದರಲ್ಲಿ ಶೇ. 70 ಬಳಕೆ ಆಗಿದೆ ಅಂತ ಪ್ರಮಾಣಪತ್ರ ಕಳಿಸಿದ್ರೆ ಮುಂದಿನ ಕಂತು. ಆ ಪ್ರಮಾಣಪತ್ರ ಹಣದ ಮಾತಾಡುತ್ತೆ, ಮನೆಯೊಳಗೆ ಯಾರಿದ್ದಾರೆ ಅನ್ನೋದನ್ನ ಹೇಳಲ್ಲ. 2012ರಲ್ಲಿ ಸಿಎಜಿ ಇಡೀ ದೇಶದ ಜೆ-ನರ್ಮ್ ಲೆಕ್ಕ ತೆಗೆದಾಗ, ಮನೆ ಯೋಜನೆಗಳಲ್ಲಿ ಪೂರ್ತಿ ಮುಗಿದವು ತೀರಾ ಕಮ್ಮಿ ಅಂತಲೂ, ಅನರ್ಹರಿಗೆ ಹೋಗಿದೆ, ಬೇರೆ ಕಡೆ ತಿರುಗಿಸಿದ್ದಾರೆ ಅಂತಲೂ ಬರೀತು. ಅದಕ್ಕೇ ಹೇಳೋದು, ಸರ್ಕಾರದ ಲೆಕ್ಕ ನೋಡುವಾಗ ಮೂರು ಕಾಲಂ ಬೇರೆ ಬೇರೆ ಓದಿ: ಹಂಚಿಕೆ, ಬಿಡುಗಡೆ, ಖರ್ಚು. ನಾಲ್ಕನೇ ಕಾಲಂ ಅವರು ಬರೆಯಲ್ಲ, ನಾವೇ ಬರೀಬೇಕು: ಯಾರ ಹೆಸರಿಗೆ ಪತ್ರ ಸಿಕ್ತು?

ಅವ್ವನಿಗೆ ಸಿಕ್ಕಿರೋದು ಹಂಚಿಕೆ ಪತ್ರ ಮಾತ್ರ. ಕ್ರಯಪತ್ರ ಇಲ್ಲ. ಹಂಚಿಕೆ ಪತ್ರದಲ್ಲೂ ಅವಳ ಹೆಸರಿನ ಒಂದಕ್ಷರ ತಪ್ಪು. ಅದನ್ನ ಸರಿ ಮಾಡಿಸೋಕೆ ನಾನು ಎಷ್ಟು ರಜೆ ಹಾಕಿದ್ದೀನಿ ಅನ್ನೋದು ಲೆಕ್ಕಕ್ಕಿಲ್ಲ. "ಆ ಫೈಲು ಹಳೇ ಸ್ಕೀಮಿಂದು, ಇಲ್ಲಿಲ್ಲ" ಅಂತಾರೆ. ಪಾಲಿಕೆ ಕಡೆಯೂ ಇದೇ ಪಾಡು. ಕೆಂಗೇರಿ ಕಡೆ ಗೆಳೆಯರು ನನಗಿಂತ ಚೆನ್ನಾಗಿ ಹೇಳ್ತಾರೆ. ಅವರದು ಮೊದಲು ಪುರಸಭೆ, 2007ರಲ್ಲಿ ಬಿಬಿಎಂಪಿ, 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ. ಬೋರ್ಡು ಬದಲಾದಾಗ ಕಡತ ಎಲ್ಲಿಗೆ ಹೋಯ್ತು ಅಂತ ಅರ್ಜಿದಾರನೇ ಹುಡುಕಬೇಕು.

ಇನ್ನು ದುಡ್ಡು ನಮ್ಮ ತಲೆಬರಹದಲ್ಲೇ ಇದ್ದು ನಮಗೆ ಸಿಗದೇ ಹೋಗೋ ದಾರಿ. ವಿಶೇಷ ಘಟಕದ ಹಣ ಅಲ್ಲಿ ಇಲ್ಲಿ ಹೋಗ್ಬಾರದು ಅಂತ ಹೋರಾಟ ಮಾಡಿ 2013ರಲ್ಲಿ ನಮ್ಮ ರಾಜ್ಯದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ತಂದ್ವಿ. ಅದರೊಳಗೇ 7(ಡಿ) ಅನ್ನೋ ಕಿಂಡಿ ಇತ್ತು. ಎಲ್ಲರಿಗೂ ಅಂತ ಮಾಡಿದ ರಸ್ತೆ, ನೀರಾವರಿಯಂಥ ಕೆಲಸದ ಒಂದು ಭಾಗವನ್ನ ಪರಿಶಿಷ್ಟರಿಗೆ ಮಾಡಿದ ಖರ್ಚು ಅಂತ ಭಾವಿಸಬಹುದು. ನಾವು ಆ ರಸ್ತೆ ಮೇಲೆ ನಡೀತೀವಲ್ಲ, ಅದಕ್ಕೆ. ಕೂಗಾಡಿ ಕೂಗಾಡಿ 2023ರಲ್ಲಿ ಅದನ್ನ ತೆಗೆಸಿದ್ವಿ. ತೆಗೆದ ಸರ್ಕಾರವೇ 2023-24ರಲ್ಲಿ ಸುಮಾರು 11 ಸಾವಿರ ಕೋಟಿ, ಮರುವರ್ಷ 14 ಸಾವಿರ ಕೋಟಿಗೂ ಹೆಚ್ಚು ಇದೇ ಹಣವನ್ನ ಗ್ಯಾರಂಟಿಗಳಿಗೆ ಇಟ್ಟಿತು. ಪರಿಶಿಷ್ಟ ಫಲಾನುಭವಿಗಳಿಗೇ ಹೋಗುತ್ತಲ್ಲ ಅನ್ನೋದು ಅವರ ವಾದ. ಅವ್ವನಿಗೂ ಗೃಹಲಕ್ಷ್ಮಿ 2,000 ಬರುತ್ತೆ, ಅದರಿಂದ ಅವಳ ಮಾತ್ರೆ ಖರ್ಚು ಕಳೆಯುತ್ತೆ. ಬೇಡ ಅನ್ನಲ್ಲ. ಆದ್ರೆ ಪಕ್ಕದ ಲೇಔಟಿನ ಅಮ್ಮನಿಗೆ ಸಾಮಾನ್ಯ ಬಜೆಟ್ಟಿಂದ ಬರೋ 2,000, ನಮ್ಮವ್ವನಿಗೆ ಮಾತ್ರ ಅವಳ ಮನೆ, ಅವಳ ಮೊಮ್ಮಗಳ ಹಾಸ್ಟೆಲ್ಲಿನ ಪಾಲಿನಿಂದ ಯಾಕೆ?

ಹೊರಗಿನ ಒಂದು ಉದಾಹರಣೆ. ಅಮೆರಿಕದಲ್ಲಿ 1949ರ ಕಾಯ್ದೆಯ ಹೆಸರಲ್ಲಿ ನಗರ ಸುಧಾರಣೆ ಅಂತ ಕಪ್ಪು ಜನರ ಕೇರಿಗಳನ್ನ ಕೆಡವಿದ್ರು. ಆಮೇಲೆ 1974ರಲ್ಲಿ ಅಲ್ಲಿ ನಗರಗಳಿಗೆ ಕೇಂದ್ರದಿಂದ ಸಮುದಾಯ ಅಭಿವೃದ್ಧಿ ಅನುದಾನ ಕೊಡೋ ಕಾನೂನು ಆಯ್ತು. ಈಗ ಅದರಲ್ಲಿ ಕನಿಷ್ಠ ಶೇ. 70 ಹಣ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಉಪಯೋಗ ಆಗ್ಬೇಕು. ಖರ್ಚಿಗೆ ಮುಂಚೆ ಜನರ ಮುಂದೆ ಬಹಿರಂಗ ಸಭೆ ಮಾಡ್ಬೇಕು, ವರ್ಷದ ವರದಿ ಪ್ರಕಟಿಸಬೇಕು. ಅಲ್ಲೂ ಎಲ್ಲ ಸರಿ ಇದೆ ಅಂತ ನಾನು ಹೇಳಲ್ಲ. ಆದ್ರೆ ಕೇಳೋಕೆ ಒಂದು ದಿನ, ಒಂದು ಜಾಗ ಕಾನೂನಿನಲ್ಲೇ ಇದೆ. ನಮಗೂ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ, ಕೊಳಗೇರಿ ಸುಧಾರಣೆ 12ನೇ ಅನುಸೂಚಿಯಲ್ಲೇ ಇದೆ, ವಾರ್ಡ್ ಸಮಿತಿ ಇರ್ಬೇಕು. ಬೆಂಗಳೂರಿನ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಐದು ಬಜೆಟ್ಟು ಕಾರ್ಪೊರೇಟರ್ ಇಲ್ಲದೇ ಪಾಸಾದವು. ಯಾರ ಮನೆ ಬಾಗಿಲು ತಟ್ಟೋದು?

ನಮ್ಮ ತಪ್ಪೂ ಹೇಳ್ತೀನಿ, ಬೈಕೊಳ್ಳಿ. ಲಿಸ್ಟಿಗೆ ಹೆಸರು ಸೇರಿಸ್ತೀನಿ ಅಂತ ಬಡವರ ಹತ್ರ ದುಡ್ಡು ಇಸ್ಕೊಂಡವರಲ್ಲಿ ನೀಲಿ ಶಾಲು ಹಾಕ್ಕೊಂಡವರೂ ಇದ್ರು. ಏಪ್ರಿಲ್ 14ಕ್ಕೆ ಆರ್ಕೆಸ್ಟ್ರಾ ಮಾಡ್ಸೋಕೆ ನಾವು ಓಡಾಡಿದಷ್ಟು, ಶೇ. 24.10ರ ಕ್ರಿಯಾ ಯೋಜನೆ ಕೇಳೋಕೆ ಓಡಾಡಲಿಲ್ಲ. ಬಾಬಾಸಾಹೇಬರು ಹಣಕಾಸಿನ ಮೇಲೆ ಡಾಕ್ಟರೇಟ್ ಮಾಡಿದವರು. ಕೇಂದ್ರ ಪ್ರಾಂತ್ಯಗಳ ನಡುವೆ ದುಡ್ಡು ಹೇಗೆ ಹಂಚಿಕೆ ಆಗುತ್ತೆ ಅನ್ನೋದೇ ಅವರ ವಿಷಯ. ಅವರ ಮಕ್ಕಳು ನಾವು ಬಜೆಟ್ ಪುಸ್ತಕ ಮುಟ್ಟಲ್ಲ ಅಂದ್ರೆ ಹೇಗೆ?

ಆ ಹುಡುಗನಿಗೆ, ಮತ್ತೆ ನಿಮಗೆಲ್ಲ, ಕೆಲಸ ಇಷ್ಟೇ. ಹೊಸ ಅರ್ಜಿ ಹಾಕೋ ಮುಂಚೆ ಮಾಹಿತಿ ಹಕ್ಕಿನಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮ ಕೇರಿ ಘೋಷಣೆ ಆಗಿದೆಯಾ, ಯಾವ ಸೆಕ್ಷನ್ ಅಡಿ, ಆದೇಶದ ನಕಲು ಕೊಡಿ. ಹಿಂದಿನ ಯೋಜನೆಯ ಫಲಾನುಭವಿ ಪಟ್ಟಿ ಮತ್ತು ಅವರು ಕಟ್ಟಿದ ವಂತಿಗೆಯ ಲೆಕ್ಕ ಕೊಡಿ. ನಮ್ಮ ವಾರ್ಡಿನಲ್ಲಿ ಶೇ. 24.10ರ ಹಣ ಯಾವ ಕಾಮಗಾರಿಗೆ, ಯಾವ ಬೀದಿಯಲ್ಲಿ ಖರ್ಚಾಯ್ತು, ಬಿಲ್ಲಿನ ನಕಲು ಕೊಡಿ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ. ಬರೆಯೋಕೆ ಬರದಿದ್ರೆ ಭಾನುವಾರ ಬೆಳಿಗ್ಗೆ ಕಾಲೊನಿಯ ಅಂಬೇಡ್ಕರ್ ಭವನಕ್ಕೆ ಬನ್ನಿ, ನಾನು ಬರೆದು ಕೊಡ್ತೀನಿ. ಬರುವಾಗ ಮನೆಯಲ್ಲಿರೋ ಹಳೇ ರಸೀದಿ, ಚೀಟಿ, ಫೋಟೋ ಏನೇ ಇರಲಿ ತನ್ನಿ. ನೀರು ಬಿದ್ದು ಅಳಿಸಿದ್ರೂ ಪರವಾಗಿಲ್ಲ.

ನಿನ್ನೆ ರಾತ್ರಿ ಇದನ್ನ ಬರೀತಾ ಅವ್ವನ ಹತ್ರ ಆ ರಸೀದಿ ಕೇಳಿದೆ, ಫೋಟೋ ತೆಗೆಯೋಕೆ. ಕೊಟ್ಟಳು. ತೆಗೆದ ಮೇಲೆ ಕೈ ಚಾಚಿ, "ಈಸ್ಕೊಡು ಮಗಾ, ಅದು ಕಳೆದ್ರೆ ನಾವು ಮತ್ತೆ ಕಾಲುವೆ ದಡದೋರೇ" ಅಂದಳು.

ಜೈಭೀಮ್.