ಬೆಲೆಯಿಲ್ಲದ ಹೊಲಕ್ಕೆ ಬೆಲೆ ಬಂದ ಬಗೆ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಗೆ ಹೋದವರು ಚಾಲುಕ್ಯರ ಕಾಲದ ಗುಡಿಯ ಕೆತ್ತನೆ ನೋಡಿ ಬೆರಗಾಗಿ ಬರುತ್ತಾರೆ. ಅದೇ ಊರಲ್ಲಿ ಸಿಕ್ಕ ಎಂಟು ತಾಮ್ರದ ಹಲಗೆಗಳ ಸುದ್ದಿ ಗೊತ್ತಿರುವವರು ಕಡಿಮೆ. ಶಾಸನ ಕನ್ನಡದ್ದಲ್ಲ, ಪ್ರಾಕೃತದ್ದು. ಪಲ್ಲವ ದೊರೆ ಶಿವಸ್ಕಂದವರ್ಮ ತನ್ನ ಆಳ್ವಿಕೆಯ ಎಂಟನೆಯ ವರ್ಷ ಕಾಂಚೀಪುರದಿಂದ ಹೊರಡಿಸಿದ್ದು. ಕಾಲ ಕ್ರಿ.ಶ. 4ನೇ ಶತಮಾನದ ಸುಮಾರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಜಮೀನಿನ ಕಾಗದಪತ್ರಗಳ ಸಾಲಿನಲ್ಲಿ ಇದೇ ಹಿರಿಯದು ಎನ್ನಬೇಕು.

ಒಂದು ತೋಟದ ಹುಟ್ಟುವಳಿಯನ್ನು ಕೆಲವು ಬ್ರಾಹ್ಮಣರಿಗೆ ಪಾಲು ಪಾಲಾಗಿ ಹಂಚಿದ ದಾನಪತ್ರ ಅದು. ಯಾರಿಗೆ ಎಷ್ಟು ಪಾಲು ಎಂದು ಹೆಸರು ಹಿಡಿದು ಬರೆದಿದೆ. ಕಣಕ್ಕೆ ಇಷ್ಟು ನೆಲ, ಮನೆಗೆ ಇಷ್ಟು ನೆಲ, ಅರ್ಧ ಪಾಲಿಗೆ ದುಡಿಯುವ ನಾಲ್ವರು ಆಳುಗಳು ಎಂಬ ಲೆಕ್ಕವೂ ಇದೆ. ಭೂಮಿಯ ಜತೆ ಮನುಷ್ಯರೂ ಕೈಬದಲಾದರು ಎಂಬುದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಅದಕ್ಕಿಂತ ಸ್ವಾರಸ್ಯದ್ದು ವಿನಾಯಿತಿಗಳ ಪಟ್ಟಿ: ಸೈನಿಕರು ಒಳಗೆ ಕಾಲಿಡುವಂತಿಲ್ಲ, ಉಪ್ಪಿಗಾಗಿ ಅಗೆಯುವಂತಿಲ್ಲ, ಎತ್ತು ಹಿಡಿಯುವಂತಿಲ್ಲ, ಹುಲ್ಲು ಸೌದೆ ಕೇಳುವಂತಿಲ್ಲ. ಇಂಥ ಹದಿನೆಂಟು ಬಗೆಯ ಪರಿಹಾರ.

ದಾನ ಪಡೆದವರಿಗೆ ಸಿಕ್ಕ ನಿಜವಾದ ಆಸ್ತಿ ಯಾವುದು? ಮಣ್ಣೇನು, ಆ ಕಾಲಕ್ಕೆ ಬೇಕಾದಷ್ಟು ಬಿದ್ದಿತ್ತು. ಸರಕಾರದ ಕೈ ಒಳಗೆ ಬರುವುದಿಲ್ಲ ಎಂಬ ಮಾತು ಸಿಗುವುದೇ ಅಪರೂಪ. ಮುಂದಿನ ಒಂದೂವರೆ ಸಾವಿರ ವರ್ಷ ಈ ಸೀಮೆಯಲ್ಲಿ ಜನ ಬೆಲೆ ಕೊಟ್ಟದ್ದು, ಬಡಿದಾಡಿದ್ದು, ಕಲ್ಲಿನಲ್ಲಿ ಕೊರೆಸಿಟ್ಟದ್ದು ಬಹುಪಾಲು ಈ ಮಾತಿಗಾಗಿಯೇ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳಲ್ಲಿ ಇದೇ ರೂಢಿ ಕನ್ನಡದಲ್ಲಿ ಮುಂದುವರಿಯುತ್ತದೆ. ರಾಷ್ಟ್ರಕೂಟರ ಕಾಲದಿಂದ ಕಲ್ಯಾಣ ಚಾಲುಕ್ಯರ ಕಾಲದವರೆಗೆ ದೇವರಿಗೆ, ಮಠಕ್ಕೆ, ಕೆರೆಗೆ ಬಿಟ್ಟ ಭೂಮಿ ಮತ್ತರು, ಕಮ್ಮಗಳ ಲೆಕ್ಕದಲ್ಲಿ ಬರುತ್ತದೆ. ಎಲ್ಲೆ ಹೇಳುವುದು ಹಳ್ಳ, ಹುತ್ತ, ನೆಟ್ಟ ಕಲ್ಲು ಹಿಡಿದು. ಕೊಡುವವರು ಕಾಲು ತೊಳೆದು ಧಾರೆ ಎರೆಯುತ್ತಾರೆ, ಊರಿನ ಮಹಾಜನರು ಸಾಕ್ಷಿ ನಿಲ್ಲುತ್ತಾರೆ. ವಿಜಯನಗರದ ಕಾಲಕ್ಕೆ ಈ ಹಕ್ಕುಗಳು ಎಂಟಕ್ಕೆ ಬಂದು ನಿಂತವು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಹಳೆಯ ಕ್ರಯಪತ್ರ ಯಾರ ಮನೆಯಲ್ಲಾದರೂ ಇದ್ದರೆ ಬಿಡಿಸಿ ನೋಡಿ. ಚಕ್ಕುಬಂದಿ ಮುಗಿದ ಮೇಲೆ ಪತ್ರಬರಹಗಾರ ಒಂದೇ ಉಸಿರಿನಲ್ಲಿ ಈ ಎಂಟನ್ನೂ ಬರೆದು ‘ಅಷ್ಟಭೋಗ ತೇಜಸ್ವಾಮ್ಯ’ ಸಮೇತ ಹೊಲ ಬಿಟ್ಟುಕೊಟ್ಟಿರುತ್ತಾನೆ. ಎರಡೆಕರೆ ಮಸಾರಿ ಮಾರುವವನ ಪತ್ರದಲ್ಲೂ ರಾಯರ ಕಾಲದ ಆ ಗತ್ತು ಉಳಿದಿದೆ.

ವಿಜಯನಗರ ಬಿದ್ದ ಮೇಲೆ ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳಲ್ಲಿ ಪಾಳೇಗಾರರು ತಲೆ ಎತ್ತಿದರು. ಅವರಲ್ಲಿ ಹರಪನಹಳ್ಳಿಯವರು ದೊಡ್ಡವರು, ಸೋಮಶೇಖರ ನಾಯಕನ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಮರಾಠರು, ಹೈದರ್, ಟಿಪ್ಪು, ನಿಜಾಮ ಎಲ್ಲರೂ ಈ ಪಾಳೇಗಾರರಿಂದ ಕಪ್ಪ ಕೇಳಿದವರೇ. ಪಾಳೇಗಾರರು ಆ ಕಪ್ಪವನ್ನು ರೈತನಿಂದ ಎತ್ತಿದರು. ಕೇಳುವವರು ಇಷ್ಟು ಮಂದಿಯಾದಾಗ ಹೊಲವನ್ನು ಹಣ ಕೊಟ್ಟು ಕೊಳ್ಳುವ ಹುಚ್ಚ ಯಾರು? ಕಂದಾಯ ಭಾರವಾದ ವರ್ಷ ಎತ್ತು ಹೊಡೆದುಕೊಂಡು ಪಕ್ಕದ ಪಾಳೆಯಪಟ್ಟಿಗೆ ಗುಳೆ ಹೋಗುವುದೇ ರೈತನಿಗೆ ಉಳಿದ ದಾರಿ.

1800ರ ಅಕ್ಟೋಬರ್ 12ರಂದು ಹೈದರಾಬಾದಿನ ನಿಜಾಮ ತನ್ನ ಬಳಿ ಇಟ್ಟುಕೊಂಡ ಇಂಗ್ಲಿಷ್ ಪಡೆಯ ಖರ್ಚಿಗೆಂದು ಈ ನಾಡನ್ನೇ ಕಂಪನಿಗೆ ಬರೆದುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ ಸೀಮೆಗೆ ದತ್ತಮಂಡಲ ಎಂಬ ಹೆಸರು ಬಂದದ್ದು ಹೀಗೆ. ಪ್ರಿನ್ಸಿಪಲ್ ಕಲೆಕ್ಟರಾಗಿ ಬಂದವನು ಗ್ಲಾಸ್ಗೋದ ಥಾಮಸ್ ಮನ್ರೋ. ಅವನ ಕೈಕೆಳಗಿನ ನಾಲ್ಕು ವಿಭಾಗಗಳಲ್ಲಿ ಹರಪನಹಳ್ಳಿಯೂ ಒಂದು. ಎಂಬತ್ತರಷ್ಟಿದ್ದ ಪಾಳೇಗಾರರನ್ನು ಸೇನೆ ತಂದು ಅಡಗಿಸಿ ಮುಗಿಸಿದ ಮನ್ರೋ 1802ರಲ್ಲಿ ಹೊಲ ಅಳೆಯಲು ಕೂತ.

ಆಗ ಅವನ ಕಚೇರಿಯಲ್ಲಿ ಭೂಮಿ ಅಳೆಯಲು ಬಲ್ಲ ಗುಮಾಸ್ತರು ಇದ್ದದ್ದು ನಾಲ್ವರೇ. ಆ ನಾಲ್ವರು ಉಳಿದವರಿಗೆ ಕಲಿಸಿದರು. ಸರಪಳಿ 33 ಅಡಿಯದು. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ ಇಟ್ಟರೆ ಒಂದು ಗುಂಟೆ. ಅಂಥ ನಲವತ್ತು ಕೂಡಿದರೆ ಒಂದು ಎಕರೆ. ಅಳೆದವನಿಗೆ ಅಳೆದ ಎಕರೆಯ ಲೆಕ್ಕದಲ್ಲಿ ಕೂಲಿ. ಬೇಗ ಬೇಗ ಅಳೆದು ಕೈತೊಳೆದುಕೊಂಡಾನು ಎಂದು ಮೇಲೊಬ್ಬ ತಪಾಸಣೆಯವನು. ಅಳತೆಯ ಹಿಂದೆಯೇ ತರ ನಿಗದಿ ಮಾಡುವವರು ಬಂದು, ಊರ ಮುಖ್ಯಸ್ಥ ರೆಡ್ಡಿ, ಲೆಕ್ಕ ಬರೆಯುವ ಕರಣಂ ಮತ್ತು ಊರ ರೈತರನ್ನು ಕೂರಿಸಿಕೊಂಡು ಎರೆ ಯಾವುದು, ಮಸಾರಿ ಯಾವುದು, ಯಾವ ಹೊಲಕ್ಕೆ ಎಷ್ಟು ಎಂದು ಬರೆದರು. ಈ ಸೀಮೆಯ ಪ್ರತಿ ಹೊಲ ಸರಕಾರಿ ಕಡತದಲ್ಲಿ ಬಿಡಿಬಿಡಿಯಾಗಿ ಹೆಸರು ಪಡೆದದ್ದು ಆಗಲೇ. ರೈತವಾರಿ ಪದ್ಧತಿ ಎಂದು ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಸುವ ಸಂಗತಿ ಇದು.

ಅಳೆದದ್ದಾಯಿತು, ಬರೆದದ್ದಾಯಿತು. ಹೊಲ ಮಾತ್ರ ಮಾರಾಟವಾಗಲಿಲ್ಲ. ಕಂದಾಯ ಒಟ್ಟು ಹುಟ್ಟುವಳಿಯ ನೂರಕ್ಕೆ 45ರ ಆಸುಪಾಸಿಗೆ ಬಂದು ನಿಂತಿತ್ತು. ಬಿತ್ತನೆ ಬೀಜ, ಎತ್ತಿನ ಮೇವು, ಮನೆಯ ಕೂಳು ಕಳೆದರೆ ರೈತನಿಗೆ ಉಳಿಯುವುದು ದೂಳು. 1807ರ ಆಗಸ್ಟಿನಲ್ಲಿ ಮನ್ರೋ ಬರೆದ ವರದಿ ಈ ವಿಷಯದಲ್ಲಿ ಬಹಳ ನಿಷ್ಠುರವಾಗಿದೆ. ದತ್ತಮಂಡಲದ ರೈತನಿಗೆ ನೆಲದ ಮೇಲೆ ಒಡೆತನವೆಂಬುದೇ ಇಲ್ಲ, ಅವನು ಅದನ್ನು ಕೇಳುವುದೂ ಇಲ್ಲ ಎಂದ. ಅದಕ್ಕೆ ಅವನು ಸೂಚಿಸಿದ ಮದ್ದು ಸರಳ: ಎಲ್ಲ ಜಮೀನಿನ ಕಂದಾಯ ನೂರಕ್ಕೆ 25 ಇಳಿಸಿ, ಬಾವಿ ನೀರಿನ ಜಮೀನಿಗೆ ಇನ್ನೂ 8 ಇಳಿಸಿ. ಆಗ ರೈತನ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ, ಉಳಿಯುವ ಕಾಸಿಗೆ ಬೆಲೆ ಕಟ್ಟುವವನು ಹುಟ್ಟುತ್ತಾನೆ, ಹೊಲ ತಾನೇ ಆಸ್ತಿಯಾಗುತ್ತದೆ.

ಮೇಲಿನವರು ಒಪ್ಪಲಿಲ್ಲ. ಅವನು ಊರಿಗೆ ಹೋದದ್ದೇ ತಡ, ಇಡೀ ಹಳ್ಳಿಯನ್ನೇ ಗುತ್ತಿಗೆಗೆ ಕೊಡುವ ಪದ್ಧತಿ ತಂದರು. ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆ ಹಿಡಿದವರು ಅನೇಕರು ಮುಳುಗಿದರು, ಅವರ ಕೆಳಗಿನ ರೈತರು ಅವರಿಗಿಂತ ಮೊದಲು ಮುಳುಗಿದರು. 1820ರಲ್ಲಿ ಮದ್ರಾಸಿನ ಗವರ್ನರಾಗಿ ಮರಳಿದ ಮನ್ರೋ ತನ್ನ ಹಳೆಯ 25ನ್ನೇ ಜಾರಿಗೆ ತಂದ. 1827ರ ಜುಲೈನಲ್ಲಿ ಇದೇ ದತ್ತಮಂಡಲದ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದ. ಅವನನ್ನು ದೇವರಂತೆ ಹೊಗಳುವ ಚಾಳಿ ಬಳ್ಳಾರಿ ಕಡೆ ಇದೆ. 45ರವರೆಗೆ ಏರಿಸಿ ವಸೂಲಿ ಮಾಡಿದವನೂ ಅವನೇ ಎಂಬುದನ್ನು ಹೊಗಳುವವರು ನೆನಪಿಟ್ಟುಕೊಂಡರೆ ಒಳ್ಳೆಯದು.

ಆಮೇಲೂ ಕೊಳ್ಳುವುದು ಮಾರುವುದು ಇಂದಿನಂತೆ ಇರಲಿಲ್ಲ. ಬೇಡವಾದ ಹೊಲಕ್ಕೆ ರೈತ ರಾಜೀನಾಮೆ ಕೊಡುತ್ತಿದ್ದ, ಬೇಕಾದವನು ದರಖಾಸ್ತು ಹಾಕುತ್ತಿದ್ದ. ಪಟ್ಟಾ ಒಬ್ಬನಿಂದ ಇನ್ನೊಬ್ಬನಿಗೆ ಸರಕಾರದ ಮೂಲಕ ದಾಟುತ್ತಿತ್ತು. ಇದು ನಮ್ಮ ಹಿಂದುಳಿದ ಲಕ್ಷಣ ಎಂದುಕೊಳ್ಳಬೇಕಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ‘ಕಾಪಿಹೋಲ್ಡ್’ ಜಮೀನು ಮಾರುವವನು ಊರ ಜಮೀನ್ದಾರನ ಕೋರ್ಟಿಗೆ ಹೋಗಿ ಹೊಲವನ್ನು ಅವನಿಗೆ ಒಪ್ಪಿಸಬೇಕಿತ್ತು. ಜಮೀನ್ದಾರ ಕೊಂಡವನನ್ನು ಹೊಸ ಒಕ್ಕಲೆಂದು ಸೇರಿಸಿಕೊಂಡು ದಫ್ತರದ ನಕಲು ಕೊಡುತ್ತಿದ್ದ. ಆ ನಕಲೇ ಕೊಂಡವನ ಹಕ್ಕುಪತ್ರ. ಅದು ಪೂರ್ತಿ ರದ್ದಾದದ್ದು 1926ರಲ್ಲಿ. ಅಷ್ಟರಲ್ಲಿ ಕೂಡ್ಲಿಗಿಯ ರೈತ ನೋಂದಣಿ ಕಚೇರಿಯ ಮೆಟ್ಟಿಲು ಹತ್ತಿ ಆಗಿತ್ತು: ನೂರು ರೂಪಾಯಿ ಮತ್ತು ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರವೇ ಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳಿತ್ತು.

ಕಂದಾಯದ ಭಾರವಿಲ್ಲದ ಇನಾಂ ಜಮೀನಿನ ಕಥೆಯೇ ಬೇರೆ. ಗುಡಿ ಮಠಗಳಿಗೆ ದೇವದಾಯ, ಪಾಳೇಗಾರರ ಹಳೆಯ ಆಳುಗಳಿಗೆ ಕಟ್ಟುಬಡಿ, ತಳವಾರ ನೀರುಗಂಟಿಗಳಿಗೆ ಸೇವಾ ಇನಾಂ, ಕೆರೆ ಏರಿ ಕಾಯುವವರಿಗೆ ದಶಬಂಧ ಹೀಗೆ ಬಗೆಬಗೆಯವು. ಮಳೆ ಕಡಿಮೆಯ ಈ ಸೀಮೆಯಲ್ಲಿ ಕೆರೆಗಳು ಶತಮಾನಗಟ್ಟಲೆ ಬದುಕಿದ್ದರಲ್ಲಿ ದಶಬಂಧದ ಪಾಲು ದೊಡ್ಡದು. 1858ರಲ್ಲಿ ನೇಮಕವಾದ ಇನಾಂ ಕಮಿಷನ್ ಊರೂರು ಸುತ್ತಿ, ಸನದು ತೋರಿಸಿ ಎಂದು ಕೇಳಿ, ಸೇವೆಯ ಕಟ್ಟು ಬಿಡಿಸಿ, ಜೋಡಿ ಎಂಬ ಸಣ್ಣ ಕಂದಾಯ ಕಟ್ಟುವ ಕರಾರಿನ ಮೇಲೆ ಅನೇಕರಿಗೆ ಟೈಟಲ್ ಡೀಡ್ ಕೊಟ್ಟಿತು. ಅಜ್ಜ ಕೆಲಸ ಮಾಡಿ ಉಣ್ಣುತ್ತಿದ್ದ ಹೊಲವನ್ನು ಮೊಮ್ಮಗ ಮಾರಬಹುದಾಯಿತು, ಮಾರಿದ ಕೂಡ.

ಮಾರುವ ಹಕ್ಕು ಬಂದದ್ದೇ ಕಳೆದುಕೊಳ್ಳುವ ದಾರಿಯೂ ಆಯಿತು. 1876ರಿಂದ 78ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ಕುಸಿಯಿತು. ಉಳಿದವರಿಗೆ ಹೊಲವೇ ಅಡವು. ಭೋಗ್ಯಕ್ಕೆ ಬರೆದುಕೊಟ್ಟರೆ ಸಾಲ ಕೊಟ್ಟವನು ಬಡ್ಡಿಯ ಬದಲು ಬೆಳೆ ಉಣ್ಣುತ್ತಾನೆ. ಮುದ್ದತ್ತಿನ ಕ್ರಯಕ್ಕೆ ಹೆಬ್ಬೆಟ್ಟು ಒತ್ತಿದರೆ ವಾಯಿದೆ ತಪ್ಪಿದ ದಿನ ಹೊಲ ಅವನದು. ಮಾಜಿ ಒಡೆಯ ಅದೇ ಹೊಲದಲ್ಲಿ ಕೋರು ಹಿಡಿದು ಅರ್ಧ ಪಾಲಿಗೆ ದುಡಿದ ಉದಾಹರಣೆ ಈ ಊರುಗಳಲ್ಲಿ ಮನೆಮಾತು. 1938ರಲ್ಲಿ ರಾಜಾಜಿ ಸರಕಾರ ತಂದ ಮದ್ರಾಸ್ ರೈತರ ಋಣಪರಿಹಾರ ಕಾಯಿದೆ ಇಲ್ಲಿಗೂ ಅನ್ವಯಿಸಿತು.

ಹೊಲ ಮನೆಯಲ್ಲೇ ಉಳಿಯಲಿ ಎಂಬ ಹಠ ಹೆಣ್ಣುಮಕ್ಕಳ ಬದುಕಿನ ಮೇಲೂ ಬಿತ್ತು. ಗಂಡು ಸಂತಾನವಿಲ್ಲದ ಕೆಲವು ಸಮುದಾಯಗಳ ಮನೆಗಳಲ್ಲಿ ಮಗಳನ್ನು ದೇವರಿಗೆ ಅರ್ಪಿಸಿ ಬಸವಿ ಬಿಡುತ್ತಿದ್ದರು. ಮದುವೆಯಿಲ್ಲದೆ ತವರಲ್ಲೇ ಉಳಿಯುವ ಅವಳಿಗೆ ಮಗನಂತೆ ಆಸ್ತಿ, ಅವಳ ಮಕ್ಕಳಿಗೆ ತಾಯಿಯ ಮನೆತನದ ಹೆಸರು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಅಧಿಕಾರಿ ಫ್ರೆಡ್ ಫಾಸೆಟ್ ಬಳ್ಳಾರಿ ಜಿಲ್ಲೆಯ ಬಸವಿಯರ ಬಗ್ಗೆ ಬರೆದಾಗ ಅವನ ಗಮನ ಸೆಳೆದದ್ದು ಈ ಗಂಡಿನ ಹಕ್ಕೇ. ಆ ಹಕ್ಕಿಗೆ ಹೆಣ್ಣು ತೆತ್ತ ಬೆಲೆ ಕ್ರಯಪತ್ರದಲ್ಲಿ ಬರೆಯುವಂಥದ್ದಲ್ಲ. ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡಲು 1994ರ ರಾಜ್ಯದ ತಿದ್ದುಪಡಿ ಬರಬೇಕಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಸರಕಾರವೇ ದೊಡ್ಡ ಖರೀದಿದಾರನಾಗಿ ಬಂತು. 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರ ಹೊತ್ತಿಗೆ ನೀರು ನಿಂತಿತು; ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯಂಥ ತುಂಬಿದ ಊರೇ ಹೋಯಿತು. ಹೊಳೆದಂಡೆಯ ಒಳ್ಳೆಯ ಎರೆ ನೆಲಕ್ಕೆ ಬೆಲೆ ಹೇಳಿದ್ದು ಕೊಳ್ಳುವವನೇ, ಮಾರುವವನಿಗೆ ಒಲ್ಲೆ ಎನ್ನುವ ಹಕ್ಕಿರಲಿಲ್ಲ. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಹಿನ್ನೀರು ಸರಿದಾಗ ಹೊರಬೀಳುವ ನೆಲದಲ್ಲಿ ಜನ ಇಂದಿಗೂ ಬಿತ್ತುತ್ತಾರೆ. ಪಹಣಿಯಿಲ್ಲ, ಪಟ್ಟಾ ಇಲ್ಲ. ನೀರು ಬರುವವರೆಗೆ ಬೆಳೆದದ್ದು ಬೆಳೆದವನದು.

1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮದ್ರಾಸ್ ಬಿಟ್ಟು ಮೈಸೂರು ಸೇರಿದವು. ಅಡಂಗಲ್ ಹೋಗಿ ಪಹಣಿ ಬಂತು, ಆದರೆ ಮದ್ರಾಸ್ ಕಾಲದ ಸೆಂಟ್ಸ್ ಹೋಗಲಿಲ್ಲ. ಗುಂಟೆಯ ಸರಪಳಿ ಹಿಡಿದು ಮನ್ರೋ ಮೊದಲು ಅಳೆದ ಸೀಮೆಯಲ್ಲೇ ರೈತರು ಈಗ ಎಕರೆ, ಸೆಂಟ್ಸ್ ಎನ್ನುತ್ತಾರೆ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ಕೊನೆಗೊಳಿಸಿತು. ಫಾರಂ 7 ತುಂಬಿದ ಗೇಣಿದಾರರು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಗೆದ್ದವನಿಗೆ ಹೊಲ ಸಿಕ್ಕಿತು, ಹದಿನೈದು ವರ್ಷ ಮಾರಬಾರದೆಂಬ ಷರತ್ತಿನೊಂದಿಗೆ. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಗೆ 1978ರ ಪಿಟಿಸಿಎಲ್ ಕಾಯಿದೆ ತಡೆ ಹಾಕಿತು. ಕೃಷಿಕನಲ್ಲದವನು ಕೃಷಿಭೂಮಿ ಕೊಳ್ಳಬಾರದೆಂಬ ಬೇಲಿಯೂ ಅದೇ ಭೂಸುಧಾರಣೆಯದು. ಮನ್ರೋನ ಚಿಂತೆ ಹೊಲ ಮಾರಾಟವಾಗುವುದಿಲ್ಲವಲ್ಲ ಎಂಬುದು. ಭೂಸುಧಾರಣೆ ತಂದವರ ಚಿಂತೆ ಮಾರಾಟವಾಗಿಬಿಡುತ್ತದಲ್ಲ ಎಂಬುದು. ಆ ಬೇಲಿಯನ್ನು 2020ರ ತಿದ್ದುಪಡಿ ಕಿತ್ತಿತು. ಇಂದು ಹಣವಿದ್ದ ಯಾರು ಬೇಕಾದರೂ ಕೊಟ್ಟೂರಿನ ಮಗ್ಗುಲಿಗೆ ಹೊಲ ಕೊಳ್ಳಬಹುದು. ಈಗ ಕಂದಾಯ ನೂರಕ್ಕೆ ಇಷ್ಟೆಂದು ಲೆಕ್ಕ ಹಾಕುವಷ್ಟೂ ಇಲ್ಲ, ಬೆಲೆ ಮಾತ್ರ ಬೆಳೆಯ ಲೆಕ್ಕಕ್ಕೆ ಸಿಗದಷ್ಟು ಮೇಲೇರಿದೆ.

ಕಾಗದಗಳು ಊರಿಂದೂರಿಗೆ ಅಲೆದಿವೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಈ ಸೀಮೆಯ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿದವು. ಕಂಪ್ಯೂಟರಿನಲ್ಲಿ ಋಣಭಾರ ಪತ್ರ ಸಿಗುವುದು 2004ರಿಂದ ಈಚಿನದು. ಅದಕ್ಕೂ ಹಿಂದಿನ ಹೊಲದ ಮೂಲ ಬೇಕೆಂದರೆ ಉಪನೋಂದಣಿ ಕಚೇರಿಯ ಹಳೆಯ ಪುಸ್ತಕ, ತಾಲ್ಲೂಕು ದಫ್ತರದ ಹಳೆಯ ಸರ್ವೆ ದಾಖಲೆಯಾದ ಆರ್‌ಎಸ್‌ಆರ್, ಇನಾಂ ಹೊಲವಾದರೆ ಟೈಟಲ್ ಡೀಡ್ ಹುಡುಕಬೇಕು. ಅಜ್ಜನ ಟ್ರಂಕಿನಲ್ಲಿರುವ ಅಡಂಗಲ್ ನಕಲನ್ನೂ ಛಾಪಾ ಕಾಗದವನ್ನೂ ರದ್ದಿಗೆ ಹಾಕಬೇಡಿ. ಒಂದೊಂದು ನಕಲು ತೆಗೆಸಿಟ್ಟು, ಮೂಲವನ್ನು ಹಾಗೆಯೇ ಕಾಪಾಡಿ.