ಮೂಲ್ಕಿಯ ಕಡಲಲ್ಲಿ ತೆರೆಯಾಟದ ಉಗಮ

ಸೊರಬದ ದಂಡಾವತಿಯೂ ಶಿಕಾರಿಪುರದ ಕುಮುದ್ವತಿಯೂ ಪಡುಗಡಲು ಸಮೀಪದಲ್ಲಿದ್ದರೂ ಅದಕ್ಕೆ ಬೆನ್ನುಮಾಡಿ ಮೂಡಲಿಗೆ ಹರಿಯುತ್ತವೆ. ಘಟ್ಟದ ಮೇಲಿನ ನಮಗೂ ಕಡಲೆಂದರೆ ಭಯ, ಇಲ್ಲವೇ ತೀರ್ಥಸ್ನಾನ. ಹಲಗೆಯ ಮೇಲೆ ನಿಂತು ತೆರೆಯನ್ನೇರಿ ದಡದತ್ತ ಬರುವ ಸರ್ಫಿಂಗ್ ಎಂಬ ಆಟವು ಕನ್ನಡನಾಡಿನ ಕರಾವಳಿಯಲ್ಲಿ ಬೇರೂರಿದ ಬಗೆಯನ್ನು ವಾಚಕರು ಅರಿಯುವುದು ಉಚಿತವಾಗಿದೆ.

ಈ ಆಟದ ತವರು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳು. ಅಲ್ಲಿ ಅರಸರೂ ಪ್ರಜೆಗಳೂ, ಸ್ತ್ರೀಯರೂ ಪುರುಷರೂ ಇದನ್ನಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಷೀಣಿಸಿದ್ದ ಈ ಆಟವನ್ನು ಪ್ರಸಿದ್ಧ ಈಜುಗಾರ ಡ್ಯೂಕ್ ಕಹನಮೊಕು (1890–1968) ಮೊದಲಾದವರು ಲೋಕಕ್ಕೆ ಪರಿಚಯಿಸಿದರು.

ನಮ್ಮಲ್ಲಿಗೆ ಇದು ಬಂದುದು ಒಬ್ಬ ಸನ್ಯಾಸಿಯ ಮೂಲಕವೆಂಬುದು ಸೋಜಿಗದ ಸಂಗತಿ. ಅಮೆರಿಕದವರಾದ ಜ್ಯಾಕ್ ಹೆಬ್ನರರು ವೈಷ್ಣವ ದೀಕ್ಷೆಯನ್ನು ಪಡೆದು ನರಸಿಂಘ ಸ್ವಾಮಿಗಳಾದವರು. ಅವರ ಮೂಲ್ಕಿಯ ಆಶ್ರಮದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಹುಟ್ಟಿತು. ಜಪತಪಗಳ ನಡುವೆ ಶಿಷ್ಯರು ತೆರೆಯೇರುವುದನ್ನು ಕಂಡ ಜನರು ಅವರನ್ನು ಸರ್ಫಿಂಗ್ ಸ್ವಾಮಿಗಳೆಂದೇ ಕರೆದರು. ಊರಿನ ಮಕ್ಕಳೂ ಕ್ರಮೇಣ ಹಲಗೆ ಹಿಡಿದರು. 2011ರಲ್ಲಿ ಭಾರತೀಯ ಸರ್ಫಿಂಗ್ ಒಕ್ಕೂಟವು ಸ್ಥಾಪಿತವಾಯಿತು. 2016ರ ಮೇ ತಿಂಗಳಲ್ಲಿ ಸಸಿಹಿತ್ಲಿನಲ್ಲಿ ಅಖಿಲ ಭಾರತ ಮುಕ್ತ ಸ್ಪರ್ಧೆಯು ನಡೆಯಿತು. ಸ್ವಾಮಿಗಳು 2020ರಲ್ಲಿ ದೇಹವನ್ನು ಬಿಟ್ಟರು.

ಸಸಿಹಿತ್ಲಿನಲ್ಲಿ ನಂದಿನಿ, ಶಾಂಭವಿ ನದಿಗಳು ಕೂಡಿ ಕಡಲನ್ನು ಸೇರುತ್ತವೆ. ಹೊಳೆ ತಂದ ಮರಳು ಅಳಿವೆಯಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ದೂರದಿಂದ ಬಂದ ತೆರೆಯು ಆಳವಿಲ್ಲದ ಆ ದಿಬ್ಬವನ್ನು ಮುಟ್ಟಿದೊಡನೆ ತಳದಲ್ಲಿ ವೇಗಗುಂದಿ, ತಲೆಯೆತ್ತಿ ಮಗುಚುತ್ತದೆ. ಆಟಗಾರನಿಗೆ ಬೇಕಾದುದು ಆ ಕ್ಷಣವೇ.

ಹಾಗಾದರೆ ಇದು ಕೇವಲ ಪರದೇಶದ ಆಟವೋ? ಹಲಗೆ ಪರದೇಶದ್ದು, ನಿಜ. ಆದರೆ ಯಾವ ತೆರೆಯನ್ನು ಬಿಟ್ಟು ಯಾವುದಕ್ಕೆ ದೋಣಿಯನ್ನೊಡ್ಡಬೇಕು, ಅಳಿವೆಯ ಸೆಳೆತ ಎತ್ತ ತಿರುಗಿದೆ ಎಂಬ ಅರಿವು ಇಲ್ಲಿನ ಮೊಗವೀರರಿಗೆ ತಲೆತಲಾಂತರದಿಂದ ಬಂದುದು. ಹುಟ್ಟುಹಾಕಿ ದೋಣಿ ನಡೆಸುತ್ತಿದ್ದ ಕಾಲದಲ್ಲಿ ಅದು ಪ್ರಾಣವನ್ನುಳಿಸುವ ವಿದ್ಯೆಯಾಗಿತ್ತು. ಅವರಿಗೆ ದುಡಿಮೆಯಾಗಿದ್ದುದೇ ಇಂದು ಮಕ್ಕಳಿಗೆ ಆಟವಾಯಿತು.

ಈ ಆಟದ ಚರಿತ್ರೆಯಲ್ಲಿ ಆಶ್ರಮದ ಹೆಸರು ಉಳಿಯುವುದು ನ್ಯಾಯವೇ. ಆದರೆ ಯಂತ್ರದೋಣಿಗಳ ದಿನಗಳಲ್ಲಿ ಆ ಹಳೆಯ ವಿದ್ಯೆಯನ್ನು ಬಲ್ಲ ಮುದುಕರು ವಿರಳರಾಗುತ್ತಿದ್ದಾರೆ. ಅವರ ಮಾತನ್ನು ಕೇಳಿ ಬರೆದಿಡದಿದ್ದರೆ, ಹಲಗೆ ಬಂದ ವರ್ಷ ನಮಗೆ ನೆನಪಿರುತ್ತದೆ; ತೆರೆಯನ್ನು ಮೊದಲು ಅರಿತವರು ಮರೆತುಹೋಗುತ್ತಾರೆ.