ನಾಲ್ಕು ಕಲಮಿನ ಕಾಯಿದೆ

1897ರ ಫೆಬ್ರುವರಿ 4ರಂದು ಕಲ್ಕತ್ತೆಯಲ್ಲಿ ಪಾಸಾದ ಸಾಂಕ್ರಾಮಿಕ ರೋಗಗಳ ಕಾಯಿದೆಯಲ್ಲಿದ್ದದ್ದು ನಾಲ್ಕೇ ಕಲಮು. ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ನೌಕರಿ ಮಾಡಿದ ನನಗೆ ಅವು ಬಾಯಿಪಾಠ. ಮೊದಲನೆಯದು ಕಾಯಿದೆಯ ಹೆಸರು. ಎರಡನೆಯದರ ಪ್ರಕಾರ ಸರಕಾರ ತನಗೆ ಅಗತ್ಯ ಕಂಡ ನಿಯಮ ಮಾಡಬಹುದು, ರೈಲು ಪ್ರಯಾಣಿಕರನ್ನು ತಪಾಸಣೆ ಮಾಡಬಹುದು, ಸಂಶಯ ಬಂದವರನ್ನು ಬೇರೆ ಇಡಬಹುದು. ಮೂರನೆಯದು ಮೀರಿದವರಿಗೆ ಶಿಕ್ಷೆ. ನಾಲ್ಕನೆಯದು, ಸದುದ್ದೇಶದಿಂದ ಇದನ್ನೆಲ್ಲ ಜಾರಿ ಮಾಡಿದವರ ಮೇಲೆ ದಾವೆ ಹೂಡುವಂತಿಲ್ಲ. ಪರಿಹಾರದ ಮಾತು ಕಂಸದೊಳಗೆ ಒಮ್ಮೆ ಸುಳಿಯುತ್ತದೆ, ಅದೂ ಇದ್ದರೆ ಎಂಬಂತೆ. ರೋಗಿಗೆ ಔಷಧ, ಊಟ ಕೊಡಲೇಬೇಕು ಎಂಬ ಒಂದು ಸಾಲೂ ಇಲ್ಲ.

ಏಕಿಲ್ಲ ಎಂಬುದಕ್ಕೆ ಮುಂಬಯಿ ಬಂದರಿನತ್ತ ನೋಡಬೇಕು. 1896ರ ಸೆಪ್ಟೆಂಬರಿನಲ್ಲಿ ಅಲ್ಲಿನ ಮಾಂಡವಿಯ ಓಣಿಗಳಲ್ಲಿ ಪ್ಲೇಗು ಕಾಣಿಸಿತು. ಭಾರತದ ಹಡಗು ಬೇಡ, ಸರಕು ಬೇಡ ಎನ್ನುವ ದನಿ ಯುರೋಪಿನಲ್ಲಿ ಎದ್ದಿತು. 1897ರಲ್ಲಿ ಅದಕ್ಕೆಂದೇ ವೆನಿಸ್‌ನಲ್ಲಿ ಸಮ್ಮೇಳನ ಸೇರಿತು. ಆತುರ ವ್ಯಾಪಾರದ್ದಾಗಿತ್ತು. ಕಾಯಿದೆಯ ಬಲದಲ್ಲಿ ಪುಣೆಯಲ್ಲಿ ಸೈನಿಕರು ಮನೆ ಹೊಕ್ಕು ಶೋಧಿಸಿದರು. ರೈಲು ನಿಲ್ದಾಣಗಳಲ್ಲಿ ಹೆಂಗಸರ ಕಂಕುಳು, ತೊಡೆಸಂದಿಯಲ್ಲೂ ಪ್ಲೇಗಿನ ಗಡ್ಡೆ ಹುಡುಕಿದರು. ಜನ ಹೆಣವನ್ನು ಗುಟ್ಟಾಗಿ ಹೂಳಿದರು, ಜ್ವರ ಬಂದವರನ್ನು ಬಚ್ಚಿಟ್ಟರು. ಜೂನ್ 22ರ ರಾತ್ರಿ ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದ. ಮರುವರ್ಷ ಶ್ರೀರಂಗಪಟ್ಟಣದ ಗಂಜಾಂನಲ್ಲೂ ದಂಗೆಯಾಯಿತು.

ನಮ್ಮ ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ರೈಲಿನ ಊರು. 1898ರಲ್ಲಿ ಇಲ್ಲಿ ವಿಜ್ಞಾನಿ ಹಾಫ್‌ಕಿನ್ ಕಂಡುಹಿಡಿದ ಪ್ಲೇಗ್ ಲಸಿಕೆಯನ್ನು ಸಾವಿರಾರು ಮಂದಿಗೆ ಚುಚ್ಚಿದರು. ಲಸಿಕೆ ಜೀವ ಉಳಿಸಿತು, ಅದನ್ನು ಗೌರವದಿಂದಲೇ ಹೇಳುತ್ತೇನೆ. ಆದರೆ ಜನರಿಗೆ ತಮ್ಮದೇ ಉಪಾಯವೂ ಗೊತ್ತಿತ್ತು. ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು. ಪ್ಲೇಗು ಮತ್ತೆ ಮತ್ತೆ ಬಂದ ಮುಂದಿನ ವರ್ಷಗಳನ್ನು ನೆನೆದು ನನ್ನಜ್ಜಿ ಹೇಳುತ್ತಿದ್ದಳು: "ಇಲಿ ಬಿದ್ದ ಮನ್ಯಾಗ ಒಲಿ ಹಚ್ಚತಿರಲಿಲ್ಲಪಾ, ಊರ ಬಿಡತಿದ್ವಿ." ಇಲಿಯ ಚಿಗಟದಿಂದ ರೋಗ ಹರಡುತ್ತದೆಂದು ಸರಕಾರ ಒಪ್ಪುವ ಮೊದಲೇ ಎಷ್ಟೋ ಹಳ್ಳಿಗಳು ಹೀಗೆ ಬದುಕಿಕೊಂಡಿದ್ದವು. ಬಲಪ್ರಯೋಗ ಬೆಳೆಸಿದ ಹೆದರಿಕೆಯ ಬದಲು ಈ ತಿಳಿವಳಿಕೆಯ ಜೊತೆ ನಿಂತು ಬಿದಿರು, ತಗಡು, ಕಾಳು ಒದಗಿಸಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವೋ! ಮುಂದಿನ ಮೂವತ್ತು ವರ್ಷಗಳಲ್ಲಿ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಪ್ಲೇಗಿಗೆ ಸತ್ತರು.

ಸ್ವಾತಂತ್ರ್ಯ ಬಂದರೂ ಕಾಯಿದೆ ಉಳಿಯಿತು. 2020ರ ಮಾರ್ಚಿನಲ್ಲಿ ಕೊರೊನಾ ಹರಡತೊಡಗಿದಾಗ ಹಲವು ರಾಜ್ಯಗಳು ಮೊದಲು ಕೈಗೆತ್ತಿಕೊಂಡದ್ದು ಅದನ್ನೇ. ಮನೆಯೊಳಗೇ ಬೇರೆ ಇರಬೇಕಾದವರ ಮುಂಗೈಗೆ ನಾವು ಮುದ್ರೆ ಒತ್ತಿದೆವು, ಬಾಗಿಲಿಗೆ ಚೀಟಿ ಹಚ್ಚಿದೆವು. ಬೀಡಿ ಕಟ್ಟುವ ಒಬ್ಬ ತಾಯಿ ಬಾಗಿಲಿಗೆ ಅಡ್ಡ ನಿಂತು, "ಸಾಹೇಬ್ರ, ಚೀಟಿ ಹಚ್ಚಬ್ಯಾಡ್ರಿ. ನಾಳಿಂದ ನಮಗ ಯಾರೂ ಹಾಲ ಹಾಕೂದಿಲ್ಲ" ಎಂದಳು. ಮುಂದಿನ ಓಣಿಯಲ್ಲಿ ಕೆಮ್ಮುವವರನ್ನು ಹಿತ್ತಲಿನಿಂದ ಸಾಗಿಸುತ್ತಿದ್ದರು. ನೂರಿಪ್ಪತ್ತು ವರ್ಷಗಳ ಹಿಂದಿನ ಹೆದರಿಕೆಗೂ ಇದಕ್ಕೂ ಕಾರಣ ಒಂದೇ: ಜ್ವರ ಎಂದು ಹೇಳಿದವನಿಗೆ ಸಿಗುವುದು ಕಾವಲು, ಕೂಳಲ್ಲ.

ಆ ಏಪ್ರಿಲಿನಲ್ಲಿ ಕಾಯಿದೆಗೆ ತಿದ್ದುಪಡಿ ಬಂತು. ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿ ತೀವ್ರವಾಗಿ ಗಾಯಗೊಳಿಸಿದವರಿಗೆ ಏಳು ವರ್ಷದವರೆಗೆ ಜೈಲು ಎಂದಿತು. ಕಲ್ಲೇಟಿನ ಭಯದಲ್ಲಿ ಓಣಿ ಹೊಕ್ಕ ನನ್ನಂಥವರಿಗೆ ಅದು ಬೇಕಿತ್ತು. ಬಾಗಿಲೊಳಗೆ ಕೂತ ಬೀಡಿ ಕೆಲಸದವಳಿಗೆ ಹದಿನಾಲ್ಕು ದಿನದ ಕೂಲಿ ಕೊಡಬೇಕೆಂಬ ಕಲಮು ಮಾತ್ರ ಆಗಲೂ ಬರಲಿಲ್ಲ.